ಕಾರ್ಖಾನೆ ಮೊದಲು, ಮನೆ ಆಮೇಲೆ: ಹೊಸೂರಿನ ವಸತಿಯ ಐದು ದಶಕ

ಗಡಿನಾಡಿನ ದತ್ತಿ ಉಪನ್ಯಾಸವೆಂದರೆ ಶಾಸನ, ಸಾಹಿತ್ಯ, ಭಾಷೆಯ ಹಕ್ಕು, ಇವುಗಳ ಸುತ್ತ ನಡೆಯುವುದು ವಾಡಿಕೆ. ಈ ಸಲ ಊರಿನ ಮನೆಗಳ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಚಾಲಕರು ಹಿಂದೆಮುಂದೆ ನೋಡದೆ ಒಪ್ಪಿದರು. ಭಾಷೆ ಉಳಿಯುವುದು ಬೀದಿಯಲ್ಲಿ, ಜಗಲಿಯ ಮೇಲೆ, ನಲ್ಲಿಯ ಮುಂದೆ ಕೊಡ ಇಟ್ಟು ನಿಂತ ಹೆಂಗಸರ ಮಾತಿನಲ್ಲಿ. ಆ ಬೀದಿಯನ್ನು ಯಾರು ಕಟ್ಟಿದರು, ಯಾರಿಗಾಗಿ ಕಟ್ಟಿದರು, ನಾಳೆ ಅದನ್ನು ಕೆಡವಿ ಕಟ್ಟುವಾಗ ಅಲ್ಲಿದ್ದವರು ಎಲ್ಲಿಗೆ ಹೋಗಬೇಕು ಎಂಬುದು ಸಾಹಿತ್ಯದಷ್ಟೇ ನಮ್ಮ ವಿಷಯ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸೂರು ಐವತ್ತು ವರ್ಷಗಳಿಂದ ಕಾರ್ಖಾನೆಗಳನ್ನು ಯೋಜನೆ ಹಾಕಿ ಕರೆಸಿಕೊಂಡಿತು, ಮನೆಗಳನ್ನು ಅವರವರ ಪಾಡಿಗೆ ಬಿಟ್ಟಿತು. ಆ ಖಾಲಿಯನ್ನು ತುಂಬಿದವರು ವಠಾರ ಕಟ್ಟಿದ ಸಣ್ಣ ಮಾಲೀಕರು ಮತ್ತು ಅದರಲ್ಲಿ ಬಾಡಿಗೆಗಿದ್ದ ಕೆಲಸಗಾರರು. ಸರ್ಕಾರದ ಯಾವ ವಸತಿ ಯೋಜನೆಯೂ ಇವರಿಬ್ಬರನ್ನು ಸರಿಯಾಗಿ ಕಂಡಿಲ್ಲ. ಈಗ ಊರನ್ನು ಮತ್ತೆ ಕಟ್ಟುವ ಮಾತು ಎದ್ದಿದೆ. ಈ ಸಲವಾದರೂ ಬಾಡಿಗೆದಾರನನ್ನು ಲೆಕ್ಕಕ್ಕೆ ಹಿಡಿಯಬೇಕು.

ಕಾರ್ಖಾನೆಗಳು ಬರುವ ಮುಂಚಿನ ಹೊಸೂರನ್ನು ಸ್ವಲ್ಪ ನೆನೆಯೋಣ. ಸೇಲಂ ಜಿಲ್ಲೆಯ ಬಾಲಾಘಾಟಿನ ಒಂದು ತಾಲ್ಲೂಕು ಊರು ಅದು. 1965ರಲ್ಲಿ ಧರ್ಮಪುರಿ ಜಿಲ್ಲೆಗೆ ಸೇರಿತು, 2004ರ ಫೆಬ್ರುವರಿಯಲ್ಲಿ ಕೃಷ್ಣಗಿರಿ ಜಿಲ್ಲೆಗೆ. ಬೆಟ್ಟದ ಮೇಲೆ ಚಂದ್ರಚೂಡೇಶ್ವರ, ಕೆಳಗೆ ತೇರುಪೇಟೆ, ಪಕ್ಕದಲ್ಲಿ ರಾಮನಾಯಕನ ಕೆರೆ, ಆಚೆ ಸಂತೆ. ಮತ್ತಿಗಿರಿಯಲ್ಲಿ 1824ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕುದುರೆ ಸಾಕುವುದಕ್ಕೆ ತೆರೆದ ಫಾರಂ ಇತ್ತು, ಅದೇ ಮುಂದೆ ದನದ ಫಾರಂ ಆಯಿತು. ಊರಿನ ಸುತ್ತ ರಾಗಿ, ಅವರೆ, ಹುರುಳಿ ಬೆಳೆಯುವ ಹೊಲ. ಮನೆಗಳೆಂದರೆ ಮಣ್ಣಿನ ಗೋಡೆ, ಮೇಲೆ ಕಲ್ಲುಚಪ್ಪಡಿ ಇಲ್ಲವೆ ಹೆಂಚು. ಆನೇಕಲ್ಲಿನಿಂದ ಕೋಲಾರದವರೆಗೆ ಈ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಚಪ್ಪಡಿ ಗೋಡೆಯಾಗುತ್ತಿತ್ತು, ಮಾಳಿಗೆಯಾಗುತ್ತಿತ್ತು, ಹೊಲದ ಬೇಲಿಯೂ ಆಗುತ್ತಿತ್ತು. ಮನೆಯ ಮುಂದೆ ಜಗಲಿ, ಪಕ್ಕದಲ್ಲೇ ಕೊಟ್ಟಿಗೆ. ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು.

ಈ ಮನೆಗಳು ನಿಂತಿದ್ದ ನೆಲಕ್ಕೆ ತಮಿಳುನಾಡಿನ ಕಂದಾಯ ದಾಖಲೆಯಲ್ಲಿ ಗ್ರಾಮ ನತ್ತಂ ಎಂಬ ಹೆಸರು. ನಮ್ಮ ಗಡಿಯಾಚೆಯ ನೆಂಟರು ಗ್ರಾಮಠಾಣ ಎನ್ನುವುದೂ ಹೆಚ್ಚುಕಡಿಮೆ ಇದನ್ನೇ. ಊರವರು ಮನೆ ಕಟ್ಟಿಕೊಳ್ಳಲಿ ಎಂದು ಹಳೆಯ ಭೂಮಾಪನದಲ್ಲೇ ಬಿಟ್ಟ ಜಾಗ. ಅದಕ್ಕೆ ಒಬ್ಬೊಬ್ಬರ ಹೆಸರಿನ ದಾಖಲೆ ಇರಲಿಲ್ಲ. ಅಜ್ಜ ಕಟ್ಟಿದ, ಅಪ್ಪ ಒಂದು ಅಂಕಣ ಹೆಚ್ಚಿಸಿದ, ಮಗ ಗೋಡೆ ಎಳೆದು ತಮ್ಮನಿಗೆ ಪಾಲು ಕೊಟ್ಟ, ಅಷ್ಟೆ. ಅನುಭವದಲ್ಲಿದ್ದವನದೇ ಜಾಗ ಎಂದು ಮದ್ರಾಸ್ ಹೈಕೋರ್ಟು ಹಲವು ತೀರ್ಪುಗಳಲ್ಲಿ ಹೇಳಿದೆ, ಮನೆ ಕಟ್ಟಿಕೊಂಡವನ ನತ್ತಂ ಸರ್ಕಾರದ ಸ್ವತ್ತಲ್ಲ ಎಂದೂ ಹೇಳಿದೆ. 1980ರ ದಶಕದ ಕೊನೆಯ ಹೊತ್ತಿಗೆ ನತ್ತಂ ಸರ್ವೆ ಮಾಡಿ ಮನೆಮನೆಗೆ ಪಟ್ಟಾ ಕೊಡುವ ಕೆಲಸ ಶುರುವಾಯಿತು. ಪಟ್ಟಾ ಸಿಕ್ಕವರು ಸಾಲ ತೆಗೆದು ಆರ್.ಸಿ.ಸಿ. ಹಾಕಿಸಿದರು. ಸಿಗದವರು ಇವತ್ತೂ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತುತ್ತಿದ್ದಾರೆ. ಹೊಸೂರಿನಲ್ಲಿ ಈ ನತ್ತಂಗಳ ಮಾತು ಮುಖ್ಯ, ಏಕೆಂದರೆ ನಗರ ಬೆಳೆದದ್ದು ಇವುಗಳನ್ನು ನುಂಗುತ್ತಲೇ. ಜೂಜುವಾಡಿ, ಮೂಕಂಡಪಳ್ಳಿ, ಆವಲಪಳ್ಳಿ, ಚೆನ್ನತ್ತೂರು ಪಂಚಾಯಿತಿಗಳೂ ಮತ್ತಿಗಿರಿ ಪಟ್ಟಣ ಪಂಚಾಯಿತಿಯೂ 2011ರ ಹೊತ್ತಿಗೆ ಹೊಸೂರಿಗೆ ಸೇರಿದವು. ಹಳ್ಳಿ ಹೋಗಿ ವಾರ್ಡಾಯಿತು, ಆದರೆ ನಕ್ಷೆಯಲ್ಲಿ ಆ ಡೊಂಕು ಬೀದಿಗಳು ಹಾಗೇ ಉಳಿದಿವೆ.

ಇನ್ನು ಕಾರ್ಖಾನೆಗಳಿಗೆ ಬರೋಣ. ಕೈಗಾರಿಕೆಗಳಿಗೆ ಜಾಗ ಒದಗಿಸಲು ತಮಿಳುನಾಡು ಸರ್ಕಾರ 1971ರಲ್ಲಿ ಸಿಪ್ಕಾಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಹೊಸೂರಿನ ಕೈಗಾರಿಕಾ ವಲಯ ಅದರ ಆರಂಭದ ಕೆಲಸಗಳಲ್ಲಿ ಒಂದು. ಹಿಂದುಳಿದ ಜಿಲ್ಲೆಗೆ ಸಿಗುವ ಸಹಾಯಧನ ಧರ್ಮಪುರಿಗೆ ಸಿಗುತ್ತಿತ್ತು. ಬೆಂಗಳೂರು 40 ಕಿಲೋಮೀಟರ್. ಮಳೆಯಾಶ್ರಿತ ರಾಗಿ ಹೊಲ ಕಡಿಮೆ ಬೆಲೆಗೆ ದೊರಕುತ್ತಿತ್ತು. ಬೇಸಿಗೆಯಲ್ಲೂ ತಂಪಾದ ಹವೆ. ಅಶೋಕ್ ಲೇಲ್ಯಾಂಡ್ 1980ರಲ್ಲಿ ಇಲ್ಲಿ ಘಟಕ ತೆರೆಯಿತು. ಅದೇ ವರ್ಷ ಟಿ.ವಿ.ಎಸ್. ಮೊಪೆಡ್ ಇಲ್ಲಿಂದ ಹೊರಬಂತು. 1984ರಲ್ಲಿ ನೋಂದಣಿಯಾದ ಟೈಟಾನ್ 1987ರಲ್ಲಿ ಕೈಗಡಿಯಾರ ಮಾಡಲು ಶುರುಮಾಡಿತು. ಇವುಗಳ ಹಿಂದೆ ನೂರಾರು ಸಣ್ಣ ವರ್ಕ್‌ಷಾಪುಗಳು ಬಂದವು. ಸಿಪ್ಕಾಟ್ ನಕ್ಷೆಯಲ್ಲಿ ಪ್ಲಾಟುಗಳಿಗೆ ಅಗಲ ರಸ್ತೆಗಳಿದ್ದವು, ಕರೆಂಟಿನ ಲೈನಿತ್ತು, ನೀರಿನ ಏರ್ಪಾಡಿತ್ತು. ಶಿಫ್ಟು ಮುಗಿಸಿ ಹೊರಬರುವ ಮನುಷ್ಯನಿಗೆ ಎಂದು ಕಾದಿರಿಸಿದ ಜಾಗ ಮಾತ್ರ ಯಂತ್ರಕ್ಕೆ ಸಿಕ್ಕ ಜಾಗದ ಹತ್ತಿರಕ್ಕೂ ಬರಲಿಲ್ಲ.

ಇದನ್ನು ಮೊದಲು ಮನಗಂಡವರಲ್ಲಿ ಟೈಟಾನ್ ಕಂಪನಿಯೂ ಒಂದು. ಅದರ ಮೊದಲ ಮ್ಯಾನೇಜಿಂಗ್ ಡೈರೆಕ್ಟರ್ ಜೆರ್ಕ್ಸಿಸ್ ದೇಸಾಯಿ ನಗರ ಯೋಜನೆಯಲ್ಲಿ ಆಳವಾದ ಆಸಕ್ತಿ ಇಟ್ಟುಕೊಂಡಿದ್ದವರು. ಕಂಪನಿ ತಮಿಳುನಾಡಿನ ಜಿಲ್ಲೆಗಳಿಂದ ಪಿ.ಯು.ಸಿ. ಮಟ್ಟದ ಓದು ಮುಗಿಸಿದ, ಹದಿನೇಳು ಹದಿನೆಂಟರ ಹುಡುಗ ಹುಡುಗಿಯರನ್ನು ಕೆಲಸಕ್ಕೆ ಆರಿಸಿ ತಂದಿತು. ಮನೆ ಬಿಟ್ಟು ಬಂದ ಮಕ್ಕಳು. ಅವರಿಗೆ ಊರೊಳಗೆ ಮನೆಗಳನ್ನು ಬಾಡಿಗೆಗೆ ಹಿಡಿದು, ಒಂದೊಂದು ಮನೆಗೂ ತಂದೆತಾಯಿಯ ಸ್ಥಾನದಲ್ಲಿ ಹಿರಿಯ ದಂಪತಿಯನ್ನು ಇರಿಸಿತು. ಅಡುಗೆ, ಆರೋಗ್ಯ, ದುಡ್ಡು ಕೂಡಿಡುವ ಬುದ್ಧಿ, ಎಲ್ಲ ಅವರ ಜವಾಬ್ದಾರಿ. ಹೊಸೂರಿನ ವಸತಿ ಚರಿತ್ರೆಯಲ್ಲಿ ಇದಕ್ಕಿಂತ ಮಾನವೀಯವಾದ ಏರ್ಪಾಡು ನನಗೆ ಇನ್ನೊಂದು ಕಾಣುವುದಿಲ್ಲ. ಕೆಲಸಕ್ಕೆ ಬಂದವನು ಊರಿನ ಬೀದಿಯಲ್ಲೇ, ಊರಿನವರ ನಡುವೆಯೇ ಇದ್ದ. ಅಂಗಡಿಯವನಿಗೆ ಅವನ ಹೆಸರು ಗೊತ್ತಿತ್ತು.

ಆಮೇಲೆ ಮತ್ತಿಗಿರಿಯ ಬಳಿ ಟೈಟಾನ್ ಟೌನ್‌ಷಿಪ್ ಬಂತು. ಅದರ ವಿನ್ಯಾಸಕ್ಕೆ ಕರೆಸಿದ್ದು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರನ್ನು. ನವಿ ಮುಂಬಯಿಯ ಬೇಲಾಪುರದಲ್ಲಿ 1980ರ ದಶಕದಲ್ಲಿ ಅವರು ಕಟ್ಟಿದ ವಸತಿಯನ್ನು ವಾಸ್ತುಶಿಲ್ಪದ ವಿದ್ಯಾರ್ಥಿಗಳು ಇವತ್ತಿಗೂ ನೋಡಲು ಹೋಗುತ್ತಾರೆ. ಅಲ್ಲಿ ಏಳೇಳು ಮನೆಗೆ ಒಂದು ಅಂಗಳ. ಪ್ರತಿ ಮನೆಗೂ ತನ್ನದೇ ಜಾಗ, ಪಕ್ಕದ ಮನೆಯೊಡನೆ ಹಂಚಿಕೊಂಡ ಗೋಡೆ ಇಲ್ಲ. ಕುಟುಂಬ ಬೆಳೆದಂತೆ, ಕೈಯಲ್ಲಿ ಕಾಸು ಆಡಿದಂತೆ ಮನೆಯನ್ನು ಬೆಳೆಸಿಕೊಳ್ಳಬಹುದು. ನಮ್ಮ ನತ್ತಂ ಮನೆಗಳು ನೂರಾರು ವರ್ಷಗಳಿಂದ ಮಾಡಿಕೊಂಡು ಬಂದದ್ದನ್ನೇ ಕೊರಿಯಾ ನಕ್ಷೆಗೆ ತಂದರು ಎಂದರೆ ಅವರ ಹಿರಿಮೆಗೆ ಕುಂದಿಲ್ಲ. ಬಡವನ ಮನೆ ಒಂದೇ ದಿನಕ್ಕೆ ಮುಗಿಯುವುದಿಲ್ಲ ಎಂಬ ಸತ್ಯವನ್ನು ಒಪ್ಪಿಕೊಂಡ ವಾಸ್ತುಶಿಲ್ಪಿ ಅವರು. ಆದರೆ ಕಂಪನಿಯ ಟೌನ್‌ಷಿಪ್ಪು ಕಂಪನಿಯ ಕಾಯಂ ನೌಕರರಿಗೆ. ಗುತ್ತಿಗೆ ಕೆಲಸಗಾರರಿಗೆ ಅದರ ಬಾಗಿಲು ತೆರೆಯಲಿಲ್ಲ, ಬೇರೆ ಕಂಪನಿಗಳು ಆ ದಾರಿ ಹಿಡಿಯಲೂ ಇಲ್ಲ.

ಸರ್ಕಾರದ ಕಡೆಯಿಂದ ಬಂದದ್ದು ಹೌಸಿಂಗ್ ಬೋರ್ಡು. ತಮಿಳುನಾಡು ವಸತಿ ಮಂಡಳಿ 1961ರದು. ಅಂಥ ಮಂಡಳಿಗಳಿಗೆ ಸಾಲ ಕೊಡುವ ಹಡ್ಕೊ 1970ರದು. ಸಾಲ ಕೊಟ್ಟ ಸಂಸ್ಥೆಯ ಹೆಸರೇ ಹೊಸೂರಿನಲ್ಲಿ ಬಡಾವಣೆಗೆ ನಿಂತಿತು. ಬಸ್ಸಿನಲ್ಲಿ ಕಂಡಕ್ಟರ್ ಕೂಗುವುದೂ ಹಡ್ಕೊ, ಲಗ್ನಪತ್ರಿಕೆಯಲ್ಲಿ ಅಚ್ಚಾಗುವುದೂ ಹಳೇ ಎ.ಎಸ್.ಟಿ.ಸಿ. ಹಡ್ಕೊ, ಹೊಸ ಎ.ಎಸ್.ಟಿ.ಸಿ. ಹಡ್ಕೊ. ಎಲ್.ಐ.ಜಿ., ಎಂ.ಐ.ಜಿ. ಎಂದು ವರಮಾನದ ಮೇಲೆ ಮನೆಗಳನ್ನು ವಿಂಗಡಿಸಿ, ಕಂತಿನ ಮೇಲೆ ಕೊಟ್ಟರು. ಮೊದಲ ತಲೆಮಾರಿನ ಕಾಯಂ ಕಾರ್ಮಿಕ ಮನೆಯೊಡೆಯನಾದದ್ದು ಇಲ್ಲಿ. ಇದು ಸಣ್ಣ ಸಾಧನೆಯಲ್ಲ.

ಈಗ ಆ ಬಡಾವಣೆಗಳಲ್ಲಿ ಒಂದು ಸುತ್ತು ನಡೆದು ನೋಡಿ. ಮಂಡಳಿ ಕೊಟ್ಟ ಮೂಲ ಮನೆ ಒಂದಂತಸ್ತಿನದು: ಮುಂದೆ ಒಂದಿಷ್ಟು ಕೈತೋಟ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಅಂಥ ಮನೆ ಇವತ್ತು ಹುಡುಕಿದರೆ ಸಿಗುತ್ತದೆ. ಮಿಕ್ಕವೆಲ್ಲ ಮೇಲೆ ಬೆಳೆದಿವೆ. ಕೆಳಗೆ ಯಜಮಾನರು, ಮೇಲಿನ ಎರಡು ಅಂತಸ್ತಿನಲ್ಲಿ ಪೋರ್ಷನ್ನುಗಳು, ಮುಂದಿದ್ದ ಕೈತೋಟದಲ್ಲಿ ಜೆರಾಕ್ಸ್ ಅಂಗಡಿಯೋ ಟೈಲರಿಂಗ್ ಷಾಪೋ. ರಿಟೈರಾದ ಕಾರ್ಮಿಕನಿಗೆ ಪೆನ್ಷನ್ನಿಗಿಂತ ಈ ಬಾಡಿಗೆಯೇ ಆಸರೆ. ಮರುನಿರ್ಮಾಣ ಎಂಬ ದೊಡ್ಡ ಹೆಸರಿಲ್ಲದೆ ಈ ಬಡಾವಣೆಗಳು ಮನೆಯವರ ಕೈಯಿಂದಲೇ ಮರುನಿರ್ಮಾಣವಾಗಿವೆ. ಆದರೆ ನೆಲದ ಕೆಳಗಿನ ಲೆಕ್ಕ ಬದಲಾಗಿಲ್ಲ. ಒಂದು ಕುಟುಂಬಕ್ಕೆಂದು ಹಾಕಿದ ನೀರಿನ ಪೈಪಿನಿಂದ, ಒಂದು ಕುಟುಂಬಕ್ಕೆಂದು ತೆಗೆದ ಚರಂಡಿಯಿಂದ ನಾಲ್ಕು ಕುಟುಂಬ ಬದುಕುತ್ತಿವೆ. 2013ರಲ್ಲಿ ಹೊಗೇನಕಲ್ ಯೋಜನೆಯ ಕಾವೇರಿ ನೀರು ಈ ಜಿಲ್ಲೆಗೆ ಹರಿಯಿತು, ದೊಡ್ಡ ಉಪಕಾರವಾಯಿತು. ಆದರೆ ಟ್ಯಾಂಕಿಗೆ ಬಂದ ನೀರು ಮೂರನೇ ಅಂತಸ್ತಿನ ಬಾಡಿಗೆದಾರನ ಬಕೆಟ್ಟಿಗೆ ಬರುವ ದಾರಿಯನ್ನು ಯಾರೂ ಯೋಚಿಸಲಿಲ್ಲ. ಹೊಸೂರಿನಲ್ಲಿ ಮರುನಿರ್ಮಾಣಕ್ಕೆ ಮೊದಲ ಕೆಲಸ ಯಾವುದು ಎಂದು ನನ್ನನ್ನು ಕೇಳಿದರೆ, ಮನೆಗಳ ತಂಟೆಗೆ ಹೋಗಬೇಡಿ, ಹಡ್ಕೊ ಬೀದಿಗಳ ಪೈಪು, ಚರಂಡಿ ಬದಲಿಸಿ ಎನ್ನುತ್ತೇನೆ.

ಖಾಸಗಿ ಲೇಔಟುಗಳ ಕಾಲವನ್ನು ಬೇಗ ದಾಟುತ್ತೇನೆ, ಅದು ನಿಮ್ಮೆಲ್ಲರಿಗೂ ಗೊತ್ತಿರುವ ಕಥೆ. ರಾಗಿ ಹೊಲದಲ್ಲಿ ಸುಣ್ಣ ಬಳಿದ ಕಲ್ಲು ನೆಟ್ಟು, ಬಣ್ಣದ ಬಾವುಟ ಕಟ್ಟಿ, ಊರಿಗೊಂದು ‘ನಗರ್’ ಹುಟ್ಟಿತು. ನಗರ ಯೋಜನಾ ಇಲಾಖೆಯ ಮಂಜೂರಾತಿ ಇಲ್ಲದಿದ್ದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗುತ್ತಿತ್ತು. 2016ರ ಸೆಪ್ಟೆಂಬರಿನಲ್ಲಿ ಮದ್ರಾಸ್ ಹೈಕೋರ್ಟು ಅನಧಿಕೃತ ನಿವೇಶನಗಳ ನೋಂದಣಿಯನ್ನು ತಡೆಯಿತು. ಮಗಳ ಮದುವೆಗೆಂದು ಸೈಟು ಕೊಂಡಿಟ್ಟಿದ್ದ ಕುಟುಂಬಗಳು ಮಾರಲೂ ಆಗದೆ ಕಟ್ಟಲೂ ಆಗದೆ ಕೂತವು. 2017ರ ಮೇ ತಿಂಗಳಲ್ಲಿ ಸಕ್ರಮ ನಿಯಮಗಳು ಬಂದವು. 2016ರ ಅಕ್ಟೋಬರ್ 20ಕ್ಕೆ ಮೊದಲು ನೋಂದಣಿಯಾದ ಸೈಟಿಗೆ ಶುಲ್ಕ ಕಟ್ಟಿ ಸಕ್ರಮ ಮಾಡಿಕೊಳ್ಳಲು ದಾರಿಯಾಯಿತು. ದೊಡ್ಡ ಲೇಔಟು ಮಾಡುವವರು ನೂರಕ್ಕೆ ಹತ್ತು ಭಾಗ ಜಾಗವನ್ನು ಬಯಲಿಗೆ ಬಿಟ್ಟುಕೊಡಬೇಕು ಎಂಬ ನಿಯಮ ಇದೆ. ಹಳೆಯ ಅನಧಿಕೃತ ಲೇಔಟುಗಳಲ್ಲಿ ಆ ಹತ್ತು ಭಾಗ ಎಲ್ಲಿ ಎಂದು ಹುಡುಕಿದರೆ ಅಲ್ಲೂ ಒಂದು ಮನೆ ನಿಂತಿರುತ್ತದೆ. ಶುಲ್ಕ ಕಟ್ಟಿದರೆ ಕಾಗದ ಸಕ್ರಮವಾಗುತ್ತದೆ, ಮಕ್ಕಳು ಆಡುವ ಬಯಲು ಹುಟ್ಟುವುದಿಲ್ಲ. ಅತ್ತಿಬೆಲೆಯ ಆಚೆ ರೆವಿನ್ಯೂ ಸೈಟು, ಬಿ ಖಾತಾ ಎಂದು ಒದ್ದಾಡುತ್ತಿರುವ ನಮ್ಮ ನೆಂಟರದೂ ಇದೇ ಪಾಡು. ಕಾನೂನು ಎರಡು, ಸಂಕಟ ಒಂದೇ.

ಈಗ ವಠಾರಕ್ಕೆ ಬರುತ್ತೇನೆ. ಇಲ್ಲಿ ನಿಧಾನವಾಗಿ ನಿಲ್ಲಬೇಕೆಂದಿದ್ದೇನೆ, ಏಕೆಂದರೆ ಹೊಸೂರಿನ ದುಡಿಯುವ ಜನ ನಿಜವಾಗಿ ಮಲಗಿ ಏಳುವ ಜಾಗ ಇದು.

ಮೂಕಂಡಪಳ್ಳಿಯಂಥ ಹಳೆಯ ಹಳ್ಳಿಯೊಳಗೆ ಹೋಗಿ. ಕಾರ್ಖಾನೆಗೆ ಹೊಲ ಬಿಟ್ಟುಕೊಟ್ಟ ರೈತ ಬಂದ ಪರಿಹಾರದಲ್ಲಿ ಮನೆಯ ಹಿತ್ತಲಲ್ಲೇ ಎದುರುಬದುರು ಎರಡು ಸಾಲು ರೂಮು ಕಟ್ಟಿಸಿರುತ್ತಾನೆ. ಒಂದೊಂದು ರೂಮು ಹತ್ತಡಿಗೆ ಹತ್ತಡಿ. ಮೇಲೆ ಸಿಮೆಂಟ್ ಶೀಟು, ಏಪ್ರಿಲ್ಲಿನ ಮಧ್ಯಾಹ್ನ ಒಳಗೆ ಕೂರಲಾಗದು. ಸಾಲಿನ ಕೊನೆಯಲ್ಲಿ ಎರಡು ಕಕ್ಕಸು, ಒಂದು ಬಚ್ಚಲು, ನೀರಿನ ಒಂದು ಕಪ್ಪು ಟ್ಯಾಂಕು. ನಡುವಿನ ಓಣಿಯಲ್ಲಿ ಹಗ್ಗ ಕಟ್ಟಿ ಯೂನಿಫಾರಂ ಒಣಹಾಕಿರುತ್ತಾರೆ; ನೀಲಿ, ಬೂದು, ಖಾಕಿ ಅಂಗಿಗಳ ಬಣ್ಣ ನೋಡಿಯೇ ಯಾರು ಯಾವ ಕಂಪನಿ ಎಂದು ಹೇಳಬಹುದು. ಒಂದು ರೂಮಿನಲ್ಲಿ ತಿರುವಣ್ಣಾಮಲೈ ಕಡೆಯ ಗಂಡಹೆಂಡತಿ, ಕೂಸು. ಪಕ್ಕದಲ್ಲಿ ಒಡಿಶಾದ ನಾಲ್ಕು ಹುಡುಗರು. ಇಬ್ಬರು ರಾತ್ರಿ ಶಿಫ್ಟಿಗೆ ಹೋದರೆ ಆ ಚಾಪೆಯ ಮೇಲೆ ಇನ್ನಿಬ್ಬರು ಮಲಗುತ್ತಾರೆ. ಅಡುಗೆಗೆ ಐದು ಕಿಲೋ ಸಿಲಿಂಡರು. ಬೆಳಗ್ಗೆ ಐದಕ್ಕೆ ಎ ಶಿಫ್ಟಿನವರ ಕ್ಯೂ ಬಚ್ಚಲ ಮುಂದೆ.

ಇಲ್ಲಿ ಒಂದು ಸಣ್ಣ ಅನ್ಯಾಯವನ್ನು ನಿಮ್ಮ ಮುಂದೆ ಇಡುತ್ತೇನೆ. ತಮಿಳುನಾಡಿನಲ್ಲಿ 2016ರಿಂದ ಮನೆಯ ಪ್ರತಿ ವಿದ್ಯುತ್ ಸಂಪರ್ಕಕ್ಕೆ ಎರಡು ತಿಂಗಳಿಗೆ 100 ಯೂನಿಟ್ ಉಚಿತ. ವಠಾರದ ಹತ್ತು ಹನ್ನೆರಡು ರೂಮಿಗೆ ಮಾಲೀಕನ ಹೆಸರಿನಲ್ಲಿ ಒಂದೇ ಸಂಪರ್ಕವಿದ್ದರೆ ಸಿಗುವುದು ಒಂದೇ 100 ಯೂನಿಟ್. ಎಲ್ಲರ ಬಳಕೆ ಕೂಡಿ ಮೇಲಿನ ದರದ ಹಂತಕ್ಕೆ ಏರುತ್ತದೆ. ಸಬ್ ಮೀಟರ್ ನೋಡಿ ಮಾಲೀಕ ಯೂನಿಟ್ಟಿಗೆ ಇಷ್ಟು ಎಂದು ವಸೂಲಿ ಮಾಡುತ್ತಾನೆ. ಬಂಗಲೆಯಲ್ಲಿರುವವನು ಉಚಿತ ಯೂನಿಟ್ಟು ಪಡೆಯುತ್ತಾನೆ, ಹತ್ತಡಿ ರೂಮಿನವನು ಒಂದನೇ ಯೂನಿಟ್ಟಿನಿಂದಲೇ ದುಡ್ಡು ಕಟ್ಟುತ್ತಾನೆ. ಬಡವನಿಗೆಂದು ಮಾಡಿದ ರಿಯಾಯಿತಿ ಮನೆಯೊಡೆತನದ ಬಾಗಿಲಲ್ಲೇ ನಿಂತುಬಿಡುತ್ತದೆ.

ವಸತಿ ಯೋಜನೆಗಳ ಕಥೆಯೂ ಹೀಗೇ. 2010ರಲ್ಲಿ, ಆಗಿನ ಮುಖ್ಯಮಂತ್ರಿಯ ಬಿರುದಾದ ಕಲೈಞರ್ ಹೆಸರಿನ ಯೋಜನೆ ಗುಡಿಸಲುಗಳನ್ನು ಕಾಂಕ್ರೀಟು ಮನೆಗಳಾಗಿಸಲು ಹೊರಟಿತು. 2015ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ ಬಂತು. 2024ರಲ್ಲಿ ಕಲೈಞರ್ ಕನಸಿನ ಮನೆ ಯೋಜನೆ 360 ಚದರಡಿಯ ಮನೆಗೆ ಮೂರೂವರೆ ಲಕ್ಷ ರೂಪಾಯಿ ಎಂದಿತು. ಒಳ್ಳೆಯ ಯೋಜನೆಗಳೇ, ಹಳ್ಳಿಗಳಲ್ಲಿ ಅನೇಕರು ಸೋರದ ಸೂರಿನ ಕೆಳಗೆ ಮಲಗುತ್ತಿದ್ದಾರೆ. ಆದರೆ ಮನೆ ಕಟ್ಟಿಕೊಳ್ಳಲು ಕೊಡುವ ಈ ಸಹಾಯಕ್ಕೆ ಮೊದಲ ಷರತ್ತು ನಿಮ್ಮ ಹೆಸರಿನಲ್ಲಿ ಜಾಗ ಇರಬೇಕು ಎಂಬುದು. ಜಾಗ ಇರುವವನಿಗೆ ಮನೆ. ಜಾಗ ಇಲ್ಲದೆ ಊರೂರು ದಾಟಿ ದುಡಿಯಲು ಬಂದವನಿಗೆ ಏನೂ ಇಲ್ಲ. 2020ರ ಲಾಕ್‌ಡೌನಿನಲ್ಲಿ ಹೆದ್ದಾರಿಯ ಮೇಲೆ ಗಂಟು ಹೊತ್ತು ನಡೆದವರನ್ನು ದೇಶವೇ ಕಂಡಿತು. ಆ ಜುಲೈನಲ್ಲಿ ಕೇಂದ್ರ ಸರ್ಕಾರ ವಲಸೆ ಕಾರ್ಮಿಕರಿಗೆ ಕೈಗೆಟುಕುವ ಬಾಡಿಗೆ ವಸತಿ ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನಡೆದವರ ಸಂಕಟದಿಂದ ಹುಟ್ಟಿದ ಯೋಜನೆ ಅದು. ಹೊಸೂರಿನಂಥ ಊರಿನಲ್ಲಿ ಅದು ಬೀದಿಬೀದಿಯಲ್ಲಿ ಕಾಣಬೇಕಿತ್ತು.

ಕಾಣುತ್ತಿರುವುದು ಹಾಸ್ಟೆಲ್ಲು. ತಿಮ್ಜೇಪಳ್ಳಿ, ನಾಗಮಂಗಲದ ಕಡೆ ಟಾಟಾ ಎಲೆಕ್ಟ್ರಾನಿಕ್ಸ್ ಬಂದ ಮೇಲೆ ಸಾವಿರಾರು ಹೆಣ್ಣುಮಕ್ಕಳು ದುಡಿಮೆಗೆ ಬಂದರು. ಅವರ ವಾಸಕ್ಕೆ ದೊಡ್ಡ ದೊಡ್ಡ ಕಟ್ಟಡಗಳೆದ್ದವು. ಚೆನ್ನೈ ಹತ್ತಿರದ ವಲ್ಲಂ ವಡಗಾಲಿನಲ್ಲಿ ಸಿಪ್ಕಾಟ್ 18,720 ಮಹಿಳೆಯರಿಗೆ ಕಟ್ಟಿಸಿದ ವಸತಿ ಸಂಕೀರ್ಣ 2024ರ ಆಗಸ್ಟಿನಲ್ಲಿ ತೆರೆಯಿತು. ಇಷ್ಟು ವರ್ಷಗಳ ಮೇಲಾದರೂ ಕಾರ್ಖಾನೆಯ ಜೊತೆಗೆ ಮನೆಯ ವಿಷಯವೂ ನೆನಪಾಯಿತಲ್ಲ, ಅದಕ್ಕೆ ಸಂತೋಷಪಡಬೇಕು. ಹಳ್ಳಿಯ ತಂದೆತಾಯಿ ಮಗಳನ್ನು ಧೈರ್ಯವಾಗಿ ಕಳಿಸುವುದಕ್ಕೆ ಇಂಥ ವಸತಿ ಬೇಕೇ ಬೇಕು. ನನ್ನ ಆತಂಕ ಇಷ್ಟೆ: ಕೆಲಸ ಕೊಟ್ಟವನ ಕೈಯಲ್ಲೇ ಮಂಚವೂ ಇದ್ದರೆ, ಕೆಲಸ ಹೋದ ದಿನವೇ ಮಂಚವೂ ಹೋಗುತ್ತದೆ. ಆ ಹುಡುಗಿ ಮದುವೆಯಾದರೆ, ತಾಯಿಯನ್ನು ಕರೆಸಿಕೊಳ್ಳಬೇಕೆಂದರೆ, ಅಲ್ಲಿ ಜಾಗವಿಲ್ಲ. ಐದು ವರ್ಷ ದುಡಿದರೂ ಹೊಸೂರಿನ ಒಂದು ಬೀದಿಗೂ ಅವಳು ಸೇರಿದವಳಾಗುವುದಿಲ್ಲ. ಮೊದಲ ತಲೆಮಾರಿನ ಟೈಟಾನ್ ಮಕ್ಕಳು ಊರೊಳಗಿದ್ದರು ಎಂದು ಆಗಲೇ ಹೇಳಿದೆನಲ್ಲ, ಈ ಎರಡರ ನಡುವಿನ ಅಂತರವನ್ನು ಯೋಚಿಸಿ.

ಊರನ್ನು ಕೆಡವಿ ಕಟ್ಟುವಾಗ ಆಗುವ ತಪ್ಪಿನ ಪಾಠಗಳು ನಮ್ಮ ಎರಡೂ ಕಡೆ ಇವೆ. ತಮಿಳುನಾಡು 1970ರಲ್ಲಿ ಕೊಳೆಗೇರಿ ನಿರ್ಮೂಲನ ಮಂಡಳಿ ಸ್ಥಾಪಿಸಿದಾಗ ಮೊದಲ ವರ್ಷಗಳ ತತ್ವ ಸರಳವಾಗಿತ್ತು: ಜನ ಇದ್ದಲ್ಲೇ ಮನೆ ಕಟ್ಟಿಕೊಡುವುದು. ಚೆನ್ನೈ ನಡುವೆ ಅಂಥ ಎಷ್ಟೋ ಕಟ್ಟಡಗಳು ಎದ್ದವು. 2000ದ ಹೊತ್ತಿಗೆ ದಾರಿ ಬದಲಾಯಿತು. ನದಿ ದಂಡೆಯ ಜನರನ್ನು ಕಣ್ಣಗಿ ನಗರ, ಸೆಮ್ಮಂಜೇರಿ, ಆಮೇಲೆ ಪೆರುಂಬಾಕ್ಕಂ ಎಂದು ನಗರದ ಹೊರಗೆ ಸಾಗಿಸಿದರು. ಮನೆ ಸಿಕ್ಕಿತು, ಮನೆಗೆಲಸದ ಮನೆಗಳು, ಮೀನು ಮಾರುವ ಬೀದಿ, ಮಕ್ಕಳ ಶಾಲೆ ದೂರವಾದವು. 2021ರಲ್ಲಿ ಮಂಡಳಿಯ ಹೆಸರಿನಿಂದ ಕೊಳೆಗೇರಿ ಎಂಬ ಮಾತು ಹೋಗಿ ನಗರ ವಾಸಸ್ಥಾನ ಅಭಿವೃದ್ಧಿ ಮಂಡಳಿ ಎಂದಾಯಿತು. ಹಳೆಯ ಶಿಥಿಲ ಕಟ್ಟಡಗಳನ್ನು ಅದೇ ಜಾಗದಲ್ಲಿ ಮತ್ತೆ ಕಟ್ಟುವ ಕೆಲಸಕ್ಕೂ ಒತ್ತು ಬಂತು. ಒಂದು ಸುತ್ತು ಹೊಡೆದು ಮೊದಲಿನ ತತ್ವದ ಹತ್ತಿರಕ್ಕೆ ಮರಳಿದಂತಾಯಿತು. ಬೆಂಗಳೂರಿನ ಈಜಿಪುರದಲ್ಲಿ 2013ರ ಜನವರಿಯ ಚಳಿಯಲ್ಲಿ ಬಡವರ ಕ್ವಾರ್ಟರ್ಸ್ ಜಾಗವನ್ನು ಜೆ.ಸಿ.ಬಿ. ತಂದು ತೆರವು ಮಾಡಿದರು. ಮಾಲು ಮತ್ತು ಹೊಸ ಮನೆ ಎರಡೂ ಬರುತ್ತವೆ ಎಂಬ ಒಪ್ಪಂದದ ಮೇಲೆ ನೂರಾರು ಕುಟುಂಬ ಫುಟ್‌ಪಾತಿಗೆ ಬಂದವು. ಅಲ್ಲಿಯ ಬಾಡಿಗೆದಾರರು ಯಾವ ಪಟ್ಟಿಯಲ್ಲೂ ಇರಲಿಲ್ಲ.

ತಮಿಳುನಾಡಿನ 2022ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯ ಪ್ರಕಾರ ಮೂರರಲ್ಲಿ ಎರಡು ಪಾಲು ಒಡೆಯರು ಒಪ್ಪಿದರೆ ಹಳೆಯ ಕಟ್ಟಡ ಕೆಡವಿ ಕಟ್ಟಬಹುದು. ಒಬ್ಬನ ಹಟಕ್ಕೆ ನೂರು ಕುಟುಂಬ ಶಿಥಿಲ ಕಟ್ಟಡದಲ್ಲಿ ಕೊಳೆಯಬಾರದು, ಹಾಗಾಗಿ ಇದು ಬೇಕಾದ ಕಾನೂನೇ. ಆದರೆ ಈ ಲೆಕ್ಕದಲ್ಲೂ ಮತ ಇರುವುದು ಒಡೆಯನಿಗೆ. ಬಾಡಿಗೆಗೆಂದೇ ಇರುವ ಕಾನೂನು, 2017ರದು, 2019ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಕರಾರು ಬರೆದು ನೋಂದಾಯಿಸಬೇಕು ಎನ್ನುತ್ತದೆ. ವಠಾರದಲ್ಲಿ ಕರಾರು ಬರೆದವರು ಯಾರು? ಮಾಲೀಕನಿಗೆ ಮನೆ ಕಂದಾಯ ಏರುತ್ತದೆಂಬ ಭಯ, ಬಾಡಿಗೆದಾರನಿಗೆ ಅಡ್ವಾನ್ಸ್ ಹಿಂದಿರುಗಿ ಬರುತ್ತದೋ ಇಲ್ಲವೋ ಎಂಬ ಭಯ.

ಬೇರೆ ದಾರಿ ಸಾಧ್ಯವೇ ಎಂದು ಕೇಳುವವರಿಗೆ ಆಸ್ಟ್ರಿಯಾದ ವಿಯೆನ್ನಾ ನಗರದ ಮಾತು ಹೇಳಬೇಕು. ಮೊದಲ ಮಹಾಯುದ್ಧದ ನಂತರ, ಹಸಿವಿನ ನಡುವೆ, ಆ ನಗರಸಭೆ ಕಾರ್ಮಿಕರಿಗೆ ಬಾಡಿಗೆ ಮನೆ ಕಟ್ಟಲು ಶುರುಮಾಡಿತು. 1930ರ ಕಾರ್ಲ್ ಮಾರ್ಕ್ಸ್ ಹೋಫ್ ಅವುಗಳಲ್ಲಿ ಹೆಸರಾದದ್ದು. ಇವತ್ತಿಗೂ ಆ ನಗರದ ಅರ್ಧದಷ್ಟು ಜನ ನಗರಸಭೆಯ ಇಲ್ಲವೆ ಸರ್ಕಾರದ ನೆರವಿನ ಮನೆಗಳಲ್ಲಿದ್ದಾರೆ. ಬಾಡಿಗೆಗಿರುವುದು ಅಲ್ಲಿ ಅವಮಾನವಲ್ಲ, ಅಸ್ಥಿರವೂ ಅಲ್ಲ. ವಿಯೆನ್ನಾದ ಖಜಾನೆ ನಮಗಿಲ್ಲ ಎಂಬುದು ನಿಜ. ಆದರೆ ನಮಗೆ ಒಂದು ಅನುಕೂಲವಿದೆ: ಬಾಡಿಗೆ ಮನೆ ಕಟ್ಟಿ ನಡೆಸುವ ಸಾವಿರಾರು ಸಣ್ಣ ಮಾಲೀಕರು ಹೊಸೂರಿನಲ್ಲಿ ಆಗಲೇ ಇದ್ದಾರೆ. ಅವರನ್ನು ಕಾನೂನು ಮುರಿದವರಂತೆ ಕಾಣುವುದನ್ನು ಬಿಟ್ಟು, ಶೀಟು ತೆಗೆದು ತಾರಸಿ ಹಾಕಲು, ರೂಮಿಗೊಂದು ಕಕ್ಕಸು ಕಟ್ಟಲು ಕಡಿಮೆ ಬಡ್ಡಿಯ ಸಾಲ ಕೊಡಿ. ಬದಲಿಗೆ ಎರಡು ಷರತ್ತು ಹಾಕಿ: ಲಿಖಿತ ಕರಾರು, ರೂಮಿಗೊಂದು ಮೀಟರು. ಕೆಲಸ ನಡೆಯುವಷ್ಟು ದಿನ ಬಾಡಿಗೆದಾರನಿಗೆ ಅದೇ ವಾರ್ಡಿನಲ್ಲಿ ತಂಗಲು ಜಾಗ ಕೊಡಲಿ, ಮುಗಿದ ಮೇಲೆ ಅವನೇ ಹಿಂದಿರುಗಲಿ. ಇದಕ್ಕೆ ಬೇಕಾದ ಹಣ ಒಂದು ಮೇಲ್ಸೇತುವೆಯ ಹಣಕ್ಕಿಂತ ದೊಡ್ಡದಾಗಲಾರದು ಎಂದು ನಾನು ನಂಬಿದ್ದೇನೆ.

ಇದನ್ನು ಈಗಲೇ ಹೇಳಲು ಕಾರಣವಿದೆ. 2011ರ ಜನಗಣತಿಯಲ್ಲಿ 1,16,821 ಜನರಿದ್ದ ಪುರಸಭೆ 2019ರಲ್ಲಿ ಮಹಾನಗರ ಪಾಲಿಕೆಯಾಯಿತು. ಹೊಸೂರಿಗೆ ನಗರಾಭಿವೃದ್ಧಿ ಪ್ರಾಧಿಕಾರ ರಚಿಸುವ ಘೋಷಣೆ 2022ರಲ್ಲಿ ಬಂತು. 2024ರ ಜೂನಿನಲ್ಲಿ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ವಿಧಾನಸಭೆಯಲ್ಲಿ ಹೊಸೂರಿಗೆ 2,000 ಎಕರೆಯ, ವರ್ಷಕ್ಕೆ ಮೂರು ಕೋಟಿ ಪ್ರಯಾಣಿಕರ ವಿಮಾನ ನಿಲ್ದಾಣ ಎಂದು ಘೋಷಿಸಿದರು. ವಿಮಾನಕ್ಕಿಂತ ಮೊದಲು ಹಾರುವುದು ನೆಲದ ಬೆಲೆ. ಜಾಗ ದುಬಾರಿಯಾದ ಕಡೆ ಮೊದಲು ಮಾಯವಾಗುವುದು ವಠಾರ. ಮಾಲೀಕ ಬಿಲ್ಡರಿಗೆ ಕೊಟ್ಟರೆ ಹನ್ನೆರಡು ಕುಟುಂಬ ಒಂದೇ ತಿಂಗಳಲ್ಲಿ ಖಾಲಿ.

ಕನ್ನಡದ ವೇದಿಕೆಯಲ್ಲಿ ನಿಂತು ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮ ಕನ್ನಡ ಮಾಧ್ಯಮದ ತರಗತಿಗಳು ಉಳಿದಿರುವುದು ಹಳೆಯ ನತ್ತಂ ಬೀದಿಗಳ ಮಕ್ಕಳಿಂದ, ಅಲ್ಲಿ ಬಾಡಿಗೆಗಿರುವ ಮನೆಗಳ ಮಕ್ಕಳಿಂದ. ಬೀದಿ ಖಾಲಿಯಾದರೆ ಹಾಜರಿ ಪುಸ್ತಕ ಖಾಲಿಯಾಗುತ್ತದೆ, ಹಾಜರಿ ಇಲ್ಲದ ವಿಭಾಗವನ್ನು ಯಾವ ಮನವಿ ಪತ್ರವೂ ಉಳಿಸದು. ತಮಿಳು, ತೆಲುಗು, ಉರ್ದು ಮಾತಾಡುವ ನಮ್ಮ ಪಕ್ಕದ ಮನೆಯವರ ನಷ್ಟವೂ ಇದೇ. ಆದ್ದರಿಂದ ಇದು ಭಾಷೆಗಳ ನಡುವಿನ ಜಗಳವಲ್ಲ, ಒಂದೇ ಬೀದಿಯವರೆಲ್ಲರ ಕೆಲಸ.

ಹೊಸೂರು ಪಾಲಿಕೆಗೆ 45 ವಾರ್ಡುಗಳಿವೆ. 2022ರ ನಿಯಮಗಳಂತೆ ಪ್ರತಿ ವಾರ್ಡಿನಲ್ಲಿ ಏರಿಯಾ ಸಭೆ ಸೇರಬೇಕು, ಜನ ಅಲ್ಲಿ ತಮ್ಮ ಬೇಡಿಕೆಯನ್ನು ದಾಖಲಿಸಬಹುದು. 2046ನ್ನು ಗುರಿಯಾಗಿಟ್ಟು ಹೊಸೂರಿನ ಮಾಸ್ಟರ್ ಪ್ಲಾನಿನ ಕೆಲಸವೂ ನಡೆದಿದೆ. ನಿಮ್ಮ ವಾರ್ಡಿನ ಮುಂದಿನ ಏರಿಯಾ ಸಭೆಗೆ ಹೋಗಿ. ನಿಮ್ಮ ಬೀದಿಯಲ್ಲಿ ಎಷ್ಟು ಬಾಡಿಗೆ ರೂಮುಗಳಿವೆ, ಎಷ್ಟು ಕಕ್ಕಸುಗಳಿವೆ, ಎಷ್ಟು ಮೀಟರುಗಳಿವೆ ಎಂದು ಬರೆದುಕೊಂಡು ಹೋಗಿ, ನಡಾವಳಿಯಲ್ಲಿ ಸೇರಿಸಿ ಎಂದು ಕೇಳಿ. ಹೋಗುವಾಗ ನಿಮ್ಮ ಮನೆಯ ಬಾಡಿಗೆದಾರರನ್ನೂ ಜೊತೆಗೆ ಕರೆದುಕೊಂಡು ಹೋಗಿ.